ಠರಾವಿನ ಜೊತೆ ಒಬ್ಬ ಮನುಷ್ಯನೂ ಹೋಗಬೇಕು

ಕಳೆದ ತಿಂಗಳು ಇಶಾ ನಮಾಝ್ ಮುಗಿಸಿ ಶುರುವಾದ ನಮ್ಮ ಜಮಾಅತ್ ಕಮಿಟಿ ಸಭೆ ಮುಗಿಯುವಾಗ ರಾತ್ರಿ ಹನ್ನೊಂದು ಗಂಟೆ ಕಳೆದಿತ್ತು. ಚರ್ಚೆಗೆ ಇದ್ದದ್ದು ಒಂದೇ ವಿಷಯ. ತೋಡಿನ ಈಚೆ ಒಂದು ಮದ್ರಸ, ಆಚೆ ಒಂದು ಮದ್ರಸ. ಎರಡನ್ನೂ ಸೇರಿಸಿ ಒಂದು ಮಾಡುವುದಾ, ಬೇಡವಾ?

ಸೇರಿಸಬೇಕು ಎನ್ನುವವರ ಬಳಿ ಕಾರಣಗಳು ಇಲ್ಲದೆ ಇಲ್ಲ. ಆಚೆಯ ಮದ್ರಸದಲ್ಲಿ ಒಂದು ಕಾಲದಲ್ಲಿ ಬೆಂಚು ಸಾಕಾಗದೆ ಮಕ್ಕಳು ಚಾಪೆಯಲ್ಲಿ ಕೂತು ಕಲಿತದ್ದುಂಟು. ಈಗ ಕೆಲವು ಕ್ಲಾಸಿನಲ್ಲಿ ಮೂರು ನಾಲ್ಕು ಮಕ್ಕಳು. ಮನೆಗಳು ಪೇಟೆ ಕಡೆ ಹೋಗಿವೆ, ಕೆಲವರು ಗಲ್ಫಿಗೆ ಕುಟುಂಬ ಸಮೇತ ಹೋಗಿದ್ದಾರೆ, ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನ್ ಏಳೂವರೆಗೆ ಗೇಟಿನ ಎದುರು ಹಾರ್ನ್ ಹಾಕುತ್ತದೆ. ಎರಡು ಕಡೆಯ ಕರೆಂಟ್ ಬಿಲ್ಲು, ಎರಡು ಕಡೆಯ ಉಸ್ತಾದರ ಸಂಬಳ, ಎರಡು ಕಡೆಯ ಮಾಡು ರಿಪೇರಿ. ವರಿಸಂಖ್ಯೆ ಮಾತ್ರ ಒಂದೇ ಕಡೆಯಿಂದ ಬರಬೇಕು. ಲೆಕ್ಕ ಬರೆಯುವವನ ತಲೆ ಬಿಸಿ ನನಗೂ ಅರ್ಥವಾಗುತ್ತದೆ.

ಸಭೆಯಲ್ಲಿ ನಮ್ಮ ಕಮಿಟಿಯ ಒಬ್ಬರು ಯುವಕರು, ಒಳ್ಳೆಯ ಕೆಲಸಗಾರರೇ, ಎದ್ದು ನಿಂತು ಹೇಳಿದರು: “ಇದಕ್ಕೆ ಇಷ್ಟು ಮಾತು ಎಂತಕ್ಕೆ? ಒಂದು ಠರಾವು ಪಾಸ್ ಮಾಡುವ. ಶವ್ವಾಲಿನಲ್ಲಿ ಹೊಸ ವರ್ಷದ ಕ್ಲಾಸ್ ಶುರುವಾಗುವಾಗ ಬೋರ್ಡ್ ಚೇಂಜ್ ಮಾಡಿದರೆ ಆಯ್ತಲ್ವಾ?”

ಬೋರ್ಡ್ ಎಂಬ ಶಬ್ದ ಕೇಳಿದ ಕೂಡಲೇ ನನ್ನ ಮನಸ್ಸು ಮದ್ರಸ ಬಿಟ್ಟು ಬ್ಯಾಂಕಿಗೆ ಹೋಯಿತು. ನಮ್ಮ ಎರಡು ಜಿಲ್ಲೆಯ ಜನ ಈಚೆಗೆ ಹತ್ತಿರದಿಂದ ನೋಡಿದ ದೊಡ್ಡ ಬೋರ್ಡ್ ಬದಲಾವಣೆ ಅಂದರೆ ಬ್ಯಾಂಕುಗಳದ್ದೇ ಅಲ್ಲವಾ?

ಈ ಕರಾವಳಿಯ ಮಣ್ಣಿನಲ್ಲಿ ಹುಟ್ಟಿ ದೇಶಕ್ಕೆಲ್ಲ ಹಬ್ಬಿದ ಬ್ಯಾಂಕುಗಳು ಐದು. ಕೆನರಾ ಮತ್ತು ಕಾರ್ಪೊರೇಷನ್ ಎರಡೂ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ. ಈಗ ಬೋರ್ಡಿನ ಮೇಲೆ ಉಳಿದಿರುವ ಹೆಸರು ಎರಡೇ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮರು ವರ್ಷ ಅದೇ ದಿನ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು.

ಕಾರ್ಪೊರೇಷನ್ ಬ್ಯಾಂಕಿನ ಕಥೆ ನಮ್ಮವರಿಗೆ ಸ್ವಲ್ಪ ಹೆಚ್ಚು ಹತ್ತಿರ. ಅದನ್ನು 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಕಟ್ಟಿದವರು ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬ್ ಬಹಾದ್ದೂರ್. ಅವರ ಜೊತೆ ನಿಂತವರಲ್ಲಿ ಊರಿನ ಬೇರೆ ಸಮುದಾಯದ ಮಹನೀಯರೂ ಇದ್ದರು. ಐದು ಸಾವಿರ ರೂಪಾಯಿ ಬಂಡವಾಳದಲ್ಲಿ ನಿಧಿಯಾಗಿ ಶುರುವಾದ ಆ ಸಂಸ್ಥೆಯಲ್ಲಿ ಮೊದಲ ದಿನದ ಕೊನೆಗೆ ಇದ್ದ ಒಟ್ಟು ಹಣ 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಯನ್ನೂ ಬಿಡದೆ ಬರೆದಿಟ್ಟ ಕೈಯ ಮೇಲೆ ನನಗೆ ಬಹಳ ಗೌರವ. ನಮ್ಮ ಎಷ್ಟು ಜಮಾಅತ್‌ಗಳಲ್ಲಿ ಮೊದಲ ವರ್ಷದ ಲೆಕ್ಕ ಈಗ ಸಿಗುತ್ತದೆ ಹೇಳಿ?

ಉಡುಪಿಯ ಹೊರಗೆ ಮೊದಲ ಶಾಖೆ ಬಂದದ್ದು ಕುಂದಾಪುರದಲ್ಲಿ, ಅದೂ 1923ರಲ್ಲಿ. ಹದಿನೇಳು ವರ್ಷ ಒಂದೇ ಕಡೆ ಕೂತು ಬೇರು ಬಿಟ್ಟ ಮೇಲೆ. 1926ರಲ್ಲಿ ಮಂಗಳೂರಿನ ಕಾರ್‌ಸ್ಟ್ರೀಟ್. 1961ರಲ್ಲಿ ಬೆಳಗಾವಿಯ ಬ್ಯಾಂಕ್ ಆಫ್ ಸಿಟಿಜನ್ಸ್ ಎಂಬ ಸಣ್ಣ ಬ್ಯಾಂಕನ್ನು ಇದೇ ಕಾರ್ಪೊರೇಷನ್ ಬ್ಯಾಂಕ್ ತನ್ನೊಳಗೆ ಸೇರಿಸಿಕೊಂಡಿತು. ಅಂದರೆ ಬೆಳಗಾವಿಯ ಯಾರೋ ಒಬ್ಬ ಮುದುಕರು ಅವತ್ತು ತಮ್ಮ ಬ್ಯಾಂಕಿನ ಬೋರ್ಡ್ ಇಳಿಯುವುದನ್ನು ನೋಡಿರಬೇಕು. ಆಗ ಹೊಸ ಬೋರ್ಡ್ ನಮ್ಮದು. 1980ರಲ್ಲಿ ರಾಷ್ಟ್ರೀಕರಣ, 2020ರಲ್ಲಿ ವಿಲೀನ.

ಆ 2020ರ ಏಪ್ರಿಲ್ 1 ನಿಮಗೂ ನೆನಪಿರಬಹುದು. ಲಾಕ್‌ಡೌನ್ ಶುರುವಾಗಿ ಒಂದು ವಾರ. ನೂರ ಹದಿನಾಲ್ಕು ವರ್ಷದ ಒಂದು ಹೆಸರು ಹೋಗುವಾಗ ಬೀದಿಯಲ್ಲಿ ನಾಯಿ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಹಿಂದಿನ ವರ್ಷ ವಿಜಯಾ ಬ್ಯಾಂಕ್ ಹೋಗುವಾಗ ಮಂಗಳೂರಿನಲ್ಲಿ ಪ್ರತಿಭಟನೆಗಳಾಗಿದ್ದವು, ಭಾಷಣಗಳಾಗಿದ್ದವು. ಈ ಸಲ ಬೇಸರ ಹೇಳಿಕೊಳ್ಳುವುದಕ್ಕೂ ಜನ ಮನೆಯಿಂದ ಹೊರಗೆ ಬರುವ ಹಾಗಿರಲಿಲ್ಲ.

ವಿಲೀನ ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ತೀರ್ಪು ಕೊಡುವಷ್ಟು ಬ್ಯಾಂಕಿಂಗ್ ನನಗೆ ಗೊತ್ತಿಲ್ಲ. ನನಗೆ ಕುತೂಹಲ ಇದ್ದದ್ದು ಅದನ್ನು ಹೇಗೆ ಮಾಡಿದರು ಎಂಬುದರಲ್ಲಿ. ಮೇಲೆ ನಿರ್ಧಾರ ಪ್ರಕಟವಾದದ್ದು 2019ರ ಆಗಸ್ಟ್ 30ಕ್ಕೆ: ಹತ್ತು ಬ್ಯಾಂಕುಗಳು ಸೇರಿ ನಾಲ್ಕಾಗುತ್ತವೆ ಎಂದು. ಯಾವುದನ್ನು ಯಾವುದರ ಜೊತೆ ಜೋಡಿಸುವುದು ಎಂದು ನೋಡುವಾಗ ಅವರು ಗಮನಿಸಿದ ಒಂದು ವಿಷಯ ಸಾಫ್ಟ್‌ವೇರ್. ಯೂನಿಯನ್, ಆಂಧ್ರ, ಕಾರ್ಪೊರೇಷನ್ ಮೂರರಲ್ಲೂ ಲೆಕ್ಕ ಓಡುತ್ತಿದ್ದದ್ದು ಫಿನಾಕಲ್ ಎಂಬ ಒಂದೇ ವ್ಯವಸ್ಥೆಯಲ್ಲಿ. ಒಂದೇ ಭಾಷೆ ಮಾತಾಡುವ ಮನೆಗೆ ಹೆಣ್ಣು ಕೊಟ್ಟ ಹಾಗೆ. ಅದಾದ ಮೇಲೂ ಹಳೆ ಚೆಕ್ ಪುಸ್ತಕ, ಹಳೆ ಐಎಫ್‌ಎಸ್‌ಸಿ ಕೋಡ್ ಒಂದೇ ದಿನಕ್ಕೆ ಸಾಯಲಿಲ್ಲ. ಅವು ನಿಂತದ್ದು 2021ರ ಏಪ್ರಿಲ್ 1ಕ್ಕೆ. ಬರೋಬ್ಬರಿ ಒಂದು ವರ್ಷ ಹಳೆಯದೂ ಹೊಸದೂ ಒಟ್ಟಿಗೆ ನಡೆದವು. ಸಿಂಡಿಕೇಟಿನ ಗ್ರಾಹಕರಿಗೆ ಇನ್ನೂ ಮೂರು ತಿಂಗಳು ಹೆಚ್ಚು ಸಿಕ್ಕಿತು.

ಒಂದು ವರ್ಷ ಕಾಲಾವಕಾಶ ಕೊಟ್ಟರೂ ನಮ್ಮ ಜಮಾಅತ್ ಎಡವಿತು. ನಮ್ಮ ಖಾತೆ ಇದ್ದದ್ದೂ ಹೀಗೆ ವಿಲೀನವಾದ ಬ್ಯಾಂಕುಗಳಲ್ಲಿ ಒಂದರಲ್ಲಿ. ಯಾವುದು ಎಂದು ಇಲ್ಲಿ ಬೇಡ. ತಪ್ಪು ನಮ್ಮದೇ. ಖಾತೆಗೆ ಕೊಟ್ಟ ಮೊಬೈಲ್ ನಂಬರ್ ಎರಡು ಅವಧಿ ಹಿಂದಿನ ಕೋಶಾಧಿಕಾರಿಯದ್ದು, ಅವರು ದಮ್ಮಾಮಿನಲ್ಲಿ. ಎಸ್‌ಎಂಎಸ್ ಎಲ್ಲ ಇಲ್ಲಿ ಸ್ವಿಚ್ ಆಫ್ ಆಗಿದ್ದ ಸಿಮ್ಮಿಗೆ ಹೋಗುತ್ತಿತ್ತು. ಪೈಂಟ್ ಕೆಲಸದವನಿಗೆ ಹಳೆ ಪುಸ್ತಕದಿಂದ ಹರಿದು ಕೊಟ್ಟ ಚೆಕ್ ವಾಪಸ್ ಬಂತು. ಆ ಬಡಪಾಯಿ ಎರಡು ಸಲ ಪೇಟೆಗೆ ಹೋಗಿ, ಎರಡು ದಿನದ ಕೆಲಸ ಕಳಕೊಂಡು, ಮೂರನೆಯ ಸಲ ಮದ್ರಸದ ಜಗಲಿಯಲ್ಲಿ ಬಂದು ಕೂತ. ಜೋರು ಮಾತಾಡಲಿಲ್ಲ. “ಉಸ್ತಾದರೇ, ಬ್ಯಾಂಕ್ ಬದಲಾದರೆ ನನ್ನ ದುಡ್ಡೂ ಬದಲಾಗ್ತದಾ?” ಎಂದು ಕೇಳಿದ ಅಷ್ಟೆ.

ಅದನ್ನು ಸರಿ ಮಾಡಲು ನಾನು, ಈಗಿನ ಕೋಶಾಧಿಕಾರಿ ಇಬ್ಬರೂ ಶಾಖೆಗೆ ಹೋದೆವು. ಒಳಗೆ ದೊಡ್ಡ ಸಾಲು. ಹೆಚ್ಚಿನವರು ಪೆನ್ಶನ್ನಿನ ಹೆಂಗಸರು, ಮೀನು ಮಾರುವವರು, ಬೀಡಿ ಕಟ್ಟುವವರು. ಮ್ಯಾನೇಜರ್ ಹೊಸಬರು, ಪಾಪ, ಉತ್ತರದ ಕಡೆಯವರು, ಹಿಂದಿಯಲ್ಲಿ ಹೇಳುತ್ತಿದ್ದರು. ಯಾರಿಗೂ ಏನೂ ಹತ್ತುತ್ತಿರಲಿಲ್ಲ. ಗೋಡೆಯಲ್ಲಿ ಎರಡು ಭಾಷೆಯ ನೋಟಿಸು ಇತ್ತು. ಓದಲು ಬರುವವರಿಗೆ ಅದು ಬೇಕಾಗಿರಲಿಲ್ಲ, ಬೇಕಾದವರಿಗೆ ಓದಲು ಬರುತ್ತಿರಲಿಲ್ಲ.

ಬಾಗಿಲ ಬಳಿ ಒಂದು ಕುರ್ಚಿ ಹಾಕಿಕೊಂಡು ಆ ಶಾಖೆಯ ಹಳೆಯ ಸಿಬ್ಬಂದಿ ಒಬ್ಬರು ಕೂತಿದ್ದರು. ನಿವೃತ್ತಿಗೆ ಕೆಲವೇ ತಿಂಗಳು ಇದ್ದವರು. ಬಂದವರ ಪಾಸ್‌ಬುಕ್ ತೆಗೆದುಕೊಂಡು ಮೇಲ್ಗಡೆ ಹೊಸ ಕೋಡನ್ನು ಬಾಲ್‌ಪೆನ್ನಿನಲ್ಲಿ ದೊಡ್ಡದಾಗಿ ಬರೆದು ಕೊಡುತ್ತಿದ್ದರು. ಒಬ್ಬರ ಹತ್ತಿರ ತುಳು, ಇನ್ನೊಬ್ಬರ ಹತ್ತಿರ ಕೊಂಕಣಿ, ನಮ್ಮ ಒಂದು ಅಜ್ಜಿಯ ಹತ್ತಿರ ಬ್ಯಾರಿ. “ನಿಮ್ಮ ದುಡ್ಡು ಇದ್ದಲ್ಲೇ ಉಂಟು, ಬಾಗಿಲಿನ ಹೆಸರು ಮಾತ್ರ ಬೇರೆ” ಎಂದು ಎಲ್ಲರಿಗೂ ಒಂದೇ ಮಾತು, ನಾಲ್ಕು ಭಾಷೆಯಲ್ಲಿ. ಆ ಅಜ್ಜಿ ಪಾಸ್‌ಬುಕ್ಕನ್ನು ಸೆರಗಿನಲ್ಲಿ ಕಟ್ಟಿಕೊಂಡು ಸಮಾಧಾನದಲ್ಲಿ ಹೋದದ್ದನ್ನು ನಾನು ನೋಡಿದ್ದೇನೆ. ದಿಲ್ಲಿಯಲ್ಲಿ ಆದ ತೀರ್ಮಾನ ಆ ಅಜ್ಜಿಯ ಮಟ್ಟಿಗೆ ಜಾರಿಯಾದದ್ದು ಅವತ್ತು, ಆ ಕುರ್ಚಿಯ ಬಳಿ.

ಅವರನ್ನು ನೋಡುವಾಗ ನನಗೆ ಚಿಕ್ಕಂದಿನ ಪಿಗ್ಮಿ ಕಲೆಕ್ಟರ್ ನೆನಪಾದರು. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕಟ್ಟಿದರೂ ಆಗುತ್ತಿತ್ತು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವ ಜನರ ಅಂಗಡಿಗೆ, ಮನೆಯ ಜಗಲಿಗೆ ಬ್ಯಾಂಕೇ ನಡೆದುಕೊಂಡು ಬಂತು. ಉಳಿತಾಯ ಮಾಡಿ ಎಂದು ನೋಟಿಸು ಅಂಟಿಸಿದ್ದರೆ ಎಷ್ಟು ಜನ ಬರುತ್ತಿದ್ದರು? ಚೀಲ ಹಾಕಿಕೊಂಡು ದಿನಾ ಬರುವ ಒಬ್ಬ ಮನುಷ್ಯ ಇದ್ದದ್ದರಿಂದ ಅದು ನಡೆಯಿತು.

ನಾನು ಮದ್ರಸದಲ್ಲಿ ಮಕ್ಕಳಿಗೆ ಚರಿತ್ರೆ ಪಾಠ ಮಾಡುವವನಾದ್ದರಿಂದ ಇಂಥದ್ದನ್ನು ನೋಡುವಾಗ ಇನ್ನೊಂದು ಪ್ರಸಂಗವೂ ಮನಸ್ಸಿಗೆ ಬರುತ್ತದೆ. ಖಲೀಫಾ ಉಸ್ಮಾನ್ (ರ) ಅವರ ಕಾಲ, ಹಿಜರಿ 25ರ ಸುಮಾರು. ಅರ್ಮೇನಿಯಾ, ಅಝರ್‌ಬೈಜಾನ್ ಕಡೆಯ ದಂಡಿನಲ್ಲಿ ಶಾಮಿನವರೂ ಇರಾಕಿನವರೂ ಖುರ್‌ಆನ್ ಪಾರಾಯಣದ ಕ್ರಮದ ಮೇಲೆ ಪರಸ್ಪರ ತರ್ಕಕ್ಕೆ ಇಳಿದದ್ದನ್ನು ಕಂಡ ಹುದೈಫಾ (ರ) ಗಾಬರಿಯಿಂದ ಮದೀನಕ್ಕೆ ಬಂದರು. ಎಲ್ಲ ಕಡೆಗೂ ಒಂದೇ ಪ್ರತಿ ಇರಬೇಕು ಎಂದು ತೀರ್ಮಾನವಾಯಿತು. ಇಷ್ಟು ನಾವೆಲ್ಲ ಓದಿದ್ದೇವೆ. ಅದನ್ನು ಹೇಗೆ ಮಾಡಿದರು ಎಂಬುದನ್ನು ಮಾತ್ರ ಕಮಿಟಿ ಸಭೆಗಳಲ್ಲಿ ಯಾರೂ ಹೇಳುವುದಿಲ್ಲ.

ಮೊದಲನೆಯದಾಗಿ, ಹೊಸ ಕೆಲಸವನ್ನು ಹೊಸಬರಿಗೆ ಮಾತ್ರ ಕೊಡಲಿಲ್ಲ. ಅಬೂಬಕರ್ (ರ) ಅವರ ಕಾಲದಲ್ಲಿ ಇದೇ ಸಂಗ್ರಹದ ಕೆಲಸ ಮಾಡಿದ್ದ ಝೈದ್ ಬಿನ್ ಸಾಬಿತ್ (ರ) ಅವರನ್ನೇ ಮುಂದೆ ಕೂರಿಸಿ, ಜೊತೆಗೆ ಖುರೈಷಿಗಳಲ್ಲಿ ಮೂವರನ್ನು ಕೊಟ್ಟರು. ಹಫ್ಸಾ ಬೀವಿ (ರ) ಅವರ ಬಳಿ ಇದ್ದ ಮೂಲ ಹಾಳೆಗಳನ್ನು ಕೇಳಿ ಪಡೆದರು, ಕೆಲಸ ಮುಗಿದ ಮೇಲೆ ಮಾತು ಕೊಟ್ಟ ಹಾಗೆ ಅವರಿಗೇ ಹಿಂದೆ ಕೊಟ್ಟರು. ಆಮೇಲೆ ಪ್ರತಿಗಳನ್ನು ಊರೂರಿಗೆ ಕಳಿಸುವಾಗ ಬರಿ ಪುಸ್ತಕ ಕಳಿಸಲಿಲ್ಲ. ಪ್ರತಿಯ ಜೊತೆ ಓದಿ ತೋರಿಸುವ ಒಬ್ಬ ಖಾರಿಯನ್ನೂ ಕಳಿಸಿದರು. ಮಕ್ಕಾಕ್ಕೆ ಅಬ್ದುಲ್ಲಾ ಬಿನ್ ಸಾಇಬ್, ಕೂಫಾಕ್ಕೆ ಅಬೂ ಅಬ್ದುರ್‍ರಹ್ಮಾನ್ ಸುಲಮಿ, ಬಸ್ರಾಕ್ಕೆ ಆಮಿರ್ ಬಿನ್ ಅಬ್ದುಲ್ ಖೈಸ್. ಅಕ್ಷರಕ್ಕೆ ಚುಕ್ಕಿ, ಸ್ವರದ ಗುರುತು ಇಲ್ಲದ ಆ ಕಾಲದ ಬರಹವನ್ನು ಸರಿಯಾಗಿ ಓದಲು ಬಾಯಿ ಬೇಕಿತ್ತು. ಇಷ್ಟಾದರೂ ಎಲ್ಲರೂ ಕೂಡಲೇ ಒಪ್ಪಿದರು ಎಂದಲ್ಲ. ಕೂಫಾದಲ್ಲಿ ಇಬ್ನು ಮಸ್‌ಊದ್ (ರ) ಅವರಂಥ ಹಿರಿಯ ಸಹಾಬಿಗೇ ಅಸಮಾಧಾನ ಇತ್ತು, ಅದನ್ನು ಅವರು ಬಾಯಿಬಿಟ್ಟು ಹೇಳಿದರು. ಚರಿತ್ರೆ ಅದನ್ನು ಮುಚ್ಚಿಡಲಿಲ್ಲ.

ಅವತ್ತಿನ ಸಭೆಯಲ್ಲಿ ನಾನು ಇದನ್ನೆಲ್ಲ ಹೇಳಲಿಲ್ಲ. ರಾತ್ರಿ ಹನ್ನೊಂದಕ್ಕೆ ಉಸ್ತಾದ್ ವಅಳ್ ಶುರು ಮಾಡಿದರೆ ಯಾರು ಕೂರುತ್ತಾರೆ? “ಠರಾವು ಒಂದು ತಿಂಗಳು ತಡೆಯುವ, ಇದರಲ್ಲಿ ಯಾರಿಗೆ ಎಂತ ಹೋಗ್ತದೆ ಎಂದು ಮನೆ ಮನೆಗೆ ಹೋಗಿ ಕೇಳಿಕೊಂಡು ಬರುವ” ಎಂದು ಮಾತ್ರ ಹೇಳಿದೆ. ಕೆಲವರಿಗೆ ಇಷ್ಟವಾಗಲಿಲ್ಲ. ಕೇಳಲು ಹೋದರೆ ಬೇಡ ಎನ್ನುವವರೇ ಹೆಚ್ಚಾಗುತ್ತಾರೆ ಎಂದರು. ಕೊನೆಗೆ ಅಧ್ಯಕ್ಷರು ಒಪ್ಪಿದರು. ಆ ಯುವಕರನ್ನೇ ನನ್ನ ಜೊತೆ ಕಳಿಸಿದರು. ಅದು ಅಧ್ಯಕ್ಷರ ಬುದ್ಧಿವಂತಿಕೆ.

ಹೋದದ್ದರಿಂದ ಗೊತ್ತಾದ ವಿಷಯಗಳು ಸಭೆಯ ಅಜೆಂಡಾದಲ್ಲಿ ಒಂದೂ ಇರಲಿಲ್ಲ. ತಾಯಂದಿರಿಗೆ ಎರಡು ಮದ್ರಸ ಒಂದಾಗುವುದರ ಬಗ್ಗೆ ಯಾವ ತಕರಾರೂ ಇಲ್ಲ. ಅವರ ಭಯ ತೋಡು. ಈಗ ಮಕ್ಕಳು ಮನೆಯ ಅಂಗಳದಿಂದ ಕೂಗಿದರೆ ಕೇಳುವ ದೂರದಲ್ಲಿ ಕಲಿಯುತ್ತಾರೆ. ಒಂದಾದರೆ ಬೆಳಗ್ಗೆ ಆರೂಮುಕ್ಕಾಲಿಗೆ ಆರು ವರ್ಷದ ಮಕ್ಕಳು ಸಂಕ ದಾಟಬೇಕು. ಬೇಸಗೆಯಲ್ಲಿ ಆ ತೋಡಿನಲ್ಲಿ ಪಾದ ಮುಳುಗುವುದಿಲ್ಲ. ಆಟಿಯ ಮಳೆಯಲ್ಲಿ ನೋಡಿದವರಿಗೆ ಗೊತ್ತು. “ನೀವು ಮೀಟಿಂಗ್ ಮಾಡಿದ್ದು ಬೇಸಗೆಯಲ್ಲಿ ಅಲ್ವಾ ಉಸ್ತಾದರೇ” ಎಂದು ಒಬ್ಬ ಉಮ್ಮ ಬಾಗಿಲ ಮರೆಯಿಂದ ಕೇಳಿದರು. ಯುವಕರು ನನ್ನ ಮುಖ ನೋಡಿದರು.

ಇನ್ನೊಂದು, ಆಚೆ ಮದ್ರಸದ ಉಸ್ತಾದ್. ಇಪ್ಪತ್ತಾರು ವಯಸ್ಸಿನ ಹುಡುಗ, ಮದುವೆ ನಿಶ್ಚಯವಾಗಿದೆ. ಎರಡು ಒಂದಾದರೆ ಒಬ್ಬ ಉಸ್ತಾದ್ ಹೆಚ್ಚಾಗುತ್ತಾರೆ. ಸೀನಿಯರ್ ನಾನು, ಆದ್ದರಿಂದ ಹೋಗುವವರು ಅವರು ಎಂದು ಎಲ್ಲರೂ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದಾರೆ, ಬಾಯಲ್ಲಿ ಹೇಳಿಲ್ಲ. ನಾನೂ ಹಾಕಿದ್ದೆ, ಸುಳ್ಳು ಹೇಳುವುದಿಲ್ಲ. ಅವರ ರೂಮಿಗೆ ಹೋದಾಗ ಚಾ ಮಾಡಿ ಕೊಟ್ಟರು, ಈ ವಿಷಯ ಎತ್ತಲೇ ಇಲ್ಲ. ಹೊರಡುವಾಗ ಮಾತ್ರ, ಐದನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಗೆ ಕೂರುವ ತಮ್ಮ ನಾಲ್ಕು ಮಕ್ಕಳ ಹೆಸರು ಬರೆದ ಚೀಟಿ ಕೊಟ್ಟು, ಒಬ್ಬನಿಗೆ ತಜ್‌ವೀದಿನಲ್ಲಿ ಎಲ್ಲಿ ತಪ್ಪುತ್ತದೆ, ಇನ್ನೊಬ್ಬಳಿಗೆ ಜೋರು ಮಾಡಿದರೆ ಬಾಯಿ ಕಟ್ಟುತ್ತದೆ ಎಂದು ಹೇಳಿದರು. “ನಿಮ್ಮ ಕ್ಲಾಸಿಗೆ ಬಂದರೆ ಗೊತ್ತಿರಲಿ” ಎಂದರು. ಆ ಚೀಟಿ ನನ್ನ ಕಿಸೆಯಲ್ಲಿ ಈಗಲೂ ಉಂಟು. ನಾನು ಕಮಿಟಿಗೆ ಬರೆದು ಕೊಟ್ಟೆ: ಒಂದು ವರ್ಷ ಇಬ್ಬರೂ ಇರಬೇಕು, ಸಾಕಾಗದಿದ್ದರೆ ನನ್ನ ಸಂಬಳದಲ್ಲಿ ಸ್ವಲ್ಪ ಕಡಿಮೆ ಮಾಡಿ ಎಂದು. ಮನೆಯಲ್ಲಿ ಹೇಳಿದಾಗ ಹೆಂಡತಿ ಮಾತಾಡದೆ ಅಕ್ಕಿಯ ಡಬ್ಬ ಮುಚ್ಚಿದಳು. ಸುಲಭದ ಮಾತಲ್ಲ ಅದು.

ಎಲ್ಲಕ್ಕಿಂತ ಕಷ್ಟದ್ದು ಜಾಗದ ವಿಷಯ. ಆಚೆಯ ಮದ್ರಸದ ಐದು ಸೆಂಟ್ಸ್ ಒಬ್ಬರು ಹಿರಿಯರು ಮಕ್ಕಳು ಕಲಿಯಲಿ ಎಂದು ವಕ್ಫ್ ಮಾಡಿದ್ದು. ಅದನ್ನು ಬಾಡಿಗೆಗೆ ಕೊಟ್ಟರೆ ಈಚೆಗೆ ಆದಾಯ ಆಗುತ್ತದೆ ಎಂದು ಸಭೆಯಲ್ಲಿ ಒಂದು ಸಲಹೆ ಬಂದಿತ್ತು. ವಕ್ಫ್ ಮಾಡಿದವರ ಷರತ್ತನ್ನು ನಮಗೆ ಬಂದ ಹಾಗೆ ತಿದ್ದುವಂತಿಲ್ಲ, ಫಿಕ್‌ಹ್ ಓದಿದ ಯಾರಿಗೂ ಗೊತ್ತಿರುವ ವಿಷಯ ಇದು. ಅವರ ಮಗಳು ಈಗ ಎಂಬತ್ತರ ಹತ್ತಿರ. ಕಣ್ಣು ಮಂಜು. ಸಭೆಗೆ ಅವರನ್ನು ಯಾರೂ ಕರೆದಿರಲಿಲ್ಲ, ಕರೆಯುವ ಕ್ರಮವೂ ನಮ್ಮಲ್ಲಿ ಇಲ್ಲ.

ನಾವು ಹೋಗಿ ಕೂತು ವಿಷಯ ಹೇಳಿದೆವು. ಅವರು ಬೇಡ ಎನ್ನುತ್ತಾರೆ ಎಂದು ನಾನು ಹೆದರಿದ್ದೆ. ಬೇಡ ಎನ್ನಲಿಲ್ಲ. “ಮಕ್ಕಳು ಇಲ್ಲದಿದ್ದರೆ ಎಂತ ಮಾಡ್ಲಿಕ್ಕೆ ಆಗ್ತದೆ. ಮಗ್ರಿಬ್‌ಗೆ ಅಲ್ಲಿ ಲೈಟ್ ಹಾಕುವವರು ಯಾರು?” ಎಂದು ಕೇಳಿದರು. ಅವರ ಜಗಲಿಯಿಂದ ಮದ್ರಸದ ಕಿಟಕಿ ಕಾಣುತ್ತದೆ. ಕಣ್ಣಿಗೆ ಬೇರೇನೂ ಸರಿಯಾಗಿ ಕಾಣದಿದ್ದರೂ ಆ ಬೆಳಕು ಕಾಣುತ್ತದೆಯಂತೆ.

ಅಲ್ಲಿಂದ ಬರುವಾಗ ಯುವಕರು ತುಂಬಾ ದೂರ ಮಾತಾಡಲಿಲ್ಲ. ಮತ್ತೆ ಅವರೇ ಒಂದು ದಾರಿ ಹೇಳಿದರು. ಒಂದರಿಂದ ಮೂರನೇ ಕ್ಲಾಸಿನವರೆಗಿನ ಸಣ್ಣ ಮಕ್ಕಳು ಆಚೆಯಲ್ಲೇ ಇರಲಿ, ತೋಡು ದಾಟುವುದು ಬೇಡ. ಈಚೆಯ ಸಣ್ಣವರು ಹೇಗೂ ಈಚೆ ಇದ್ದಾರೆ. ದೊಡ್ಡ ಕ್ಲಾಸುಗಳು ಮಾತ್ರ ಈಚೆಗೆ ಬರಲಿ. ಮಗ್ರಿಬ್ ನಂತರ ಆಚೆಯಲ್ಲಿ ಹೆಂಗಸರಿಗೆ ಖುರ್‌ಆನ್ ಓದಲು ಕಲಿಸುವ ಕ್ಲಾಸ್ ಶುರು ಮಾಡಿದರೆ ಕಟ್ಟಡ ಕಟ್ಟಿದ ಉದ್ದೇಶಕ್ಕೂ ಭಂಗವಿಲ್ಲ, ಆ ಹುಡುಗ ಉಸ್ತಾದರ ಹೆಂಡತಿಯಾಗಿ ಬರುವವಳೂ ದೀನೀ ವಿದ್ಯಾಭ್ಯಾಸ ಮಾಡಿದವಳು, ಕಲಿಸಬಹುದು. ಖರ್ಚು ಕಮಿಟಿ ಯೋಚಿಸಿದಷ್ಟು ಕಡಿಮೆ ಆಗುವುದಿಲ್ಲ. ಅರ್ಧದಷ್ಟು ಆಗಬಹುದು. ನನಗೆ ಇಪ್ಪತ್ತು ವರ್ಷದ ಅನುಭವದಲ್ಲಿ ಹೊಳೆಯದ್ದು ಅವರಿಗೆ ಹೊಳೆಯಿತು. ಠರಾವು ಬರೆಯಲು ಅವಸರ ಮಾಡಿದವರೇ ಅವರು.

ಇದಕ್ಕೂ ವಿರೋಧ ಉಂಟು. ಅರ್ಧ ಆಚೆ ಅರ್ಧ ಈಚೆ ಎಂದರೆ ಅದು ಸೇರಿಸಿದ ಹಾಗಾಯಿತಾ ಎಂದು ಲೆಕ್ಕ ನೋಡುವವರು ಕೇಳುತ್ತಿದ್ದಾರೆ. ಅವರ ಪ್ರಶ್ನೆಯೂ ನ್ಯಾಯದ್ದೇ. ವಿದ್ಯಾಭ್ಯಾಸ ಬೋರ್ಡಿನಲ್ಲಿ ಎರಡು ಮದ್ರಸಕ್ಕೂ ಬೇರೆ ಬೇರೆ ನೋಂದಣಿ ಇದೆ, ಅದನ್ನು ಏನು ಮಾಡುವುದು ಎಂದು ರೇಂಜಿನಲ್ಲಿ ಕೇಳಬೇಕು. ದೊಡ್ಡ ಮಕ್ಕಳ ದಾಖಲೆ ಈಚೆಗೆ ಬರುವಾಗ ಆಚೆಯ ಹಾಜರಿ ಪುಸ್ತಕಗಳನ್ನು ರದ್ದಿಗೆ ಹಾಕದೆ ತಂದು ಇಡಬೇಕು ಎಂದು ನಾನು ಹೇಳಿದ್ದೇನೆ. ಮೊದಲ ಪುಸ್ತಕದ ಮೊದಲ ಪುಟದಲ್ಲಿ ಆ ಅಜ್ಜಿಯ ಹೆಸರು ಇದೆ, ಒಂದನೇ ಕ್ಲಾಸು, ಕ್ರಮ ಸಂಖ್ಯೆ ಮೂರು.

ಬರುವ ಶುಕ್ರವಾರ ಜುಮಾ ಕಳೆದು ಪುನಃ ಸಭೆ ಉಂಟು. ಅದಕ್ಕಿಂತ ಮೊದಲು ಕಮಿಟಿಯವರೆಲ್ಲ ಒಂದು ದಿನ ಸುಬ್ಹಿ ಆದ ಕೂಡಲೇ ಆಚೆಗೆ ಹೋಗಿ, ನಾಲ್ಕನೇ ಕ್ಲಾಸಿನ ಮಕ್ಕಳ ಜೊತೆ ಸಂಕ ದಾಟಿ ಈಚೆಗೆ ನಡೆದು ಬರುವುದು ಎಂದಾಗಿದೆ. ಅಧ್ಯಕ್ಷರಿಗೆ ಮೊಣಕಾಲು ನೋವು, ಆದರೂ ಬರುತ್ತೇನೆ ಎಂದಿದ್ದಾರೆ. ಸಂಕಕ್ಕೆ ಕೈ ಹಿಡಿಯಲು ಎರಡೂ ಬದಿಗೆ ಪೈಪ್ ಹಾಕಿಸಲು ಎಷ್ಟು ಬೀಳುತ್ತದೆ ಎಂದು ಆ ಯುವಕರು ನಿನ್ನೆಯೇ ವೆಲ್ಡಿಂಗ್ ಅಂಗಡಿಯಲ್ಲಿ ಕೇಳಿಕೊಂಡು ಬಂದಿದ್ದಾರೆ.